ಹ್ಯೂಸ್ಟನ್ ರೋಡಿಯೊ ಮತ್ತು ನಮ್ಮ ಕೆಂಚಿ

ಶುಕ್ರವಾರ

"ಮಾವ, ಆಟ ಶುರುವಾಗೋದು ಮುಂದಿನ ವಾರ. ಇವತ್ತು ಕುದುರೆಗಳು ಊರಿಗೆ ಬರೋ ದಿನ, ಅದನ್ನ ಮೊದಲು ನೋಡಿ" ಅಂತ ಅಳಿಯ ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದ. ಆಟ ಅಂದರೆ ರೋಡಿಯೊ: ಕೌಬಾಯ್‌ಗಳು, ಅಂದರೆ ಕುದುರೆ ಮೇಲೆ ದನ ಕಾಯುವವರು, ಒದೆಯುವ ಕುದುರೆ, ಗೂಳಿ ಹತ್ತಿ, ಹಗ್ಗ ಎಸೆದು ಸ್ಪರ್ಧೆ ಮಾಡುವುದು. ಮಗಳ ಮನೆ ಇರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಹ್ಯೂಸ್ಟನ್‌ನಿಂದ ಪಶ್ಚಿಮಕ್ಕೆ, ಕೇಟಿ ಎಂಬಲ್ಲಿ. ಐದು ವರ್ಷದ ಮೊಮ್ಮಗ ಆವತ್ತು ಶಾಲೆಗೆ ಹೊರಟಿದ್ದೇ ಚೌಕಳಿ ಅಂಗಿ, ಬೂಟು, ಕಿವಿ ಮುಚ್ಚುವಷ್ಟು ದೊಡ್ಡ ಟೋಪಿ ಹಾಕಿಕೊಂಡು. ಅವನೊಬ್ಬನೇ ಅಲ್ಲ, ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಹಾಗೇ ಇದ್ದರು. ದಾರಿಯಲ್ಲಿ ಸಿಕ್ಕ ಅಂಗಡಿಯವರು, ಆಫೀಸಿನವರು ಕೂಡ. ಇದಕ್ಕೆ 'ಗೋ ಟೆಕ್ಸನ್ ಡೇ' ಅನ್ನುತ್ತಾರೆ. ವರ್ಷಕ್ಕೊಂದು ದಿನ ಇಡೀ ಊರು ದನ ಕಾಯುವವರ ವೇಷ ಹಾಕುತ್ತದೆ, ಅದೂ ಹೆಮ್ಮೆಯಿಂದ. ನಾನು ಕುರಿಗಾರನ ಮಗ. ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಅಪ್ಪನ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗೋಣ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಮಧ್ಯಾಹ್ನ ಮೆಮೋರಿಯಲ್ ಪಾರ್ಕ್‌ಗೆ ಹೋದೆವು. ಹ್ಯೂಸ್ಟನ್ ರೋಡಿಯೊ ಶುರುವಾಗುವ ಮುಂಚಿನ ಶುಕ್ರವಾರ ಟೆಕ್ಸಸ್‌ನ ಬೇರೆ ಬೇರೆ ದಿಕ್ಕಿನಿಂದ ಕುದುರೆ ಸವಾರರ ತಂಡಗಳು ಇಲ್ಲಿಗೆ ಬಂದು ಸೇರುತ್ತವೆ. ಇದು ಶುರುವಾಗಿದ್ದು 1952ರಲ್ಲಿ. ಬ್ರೆನಮ್ ಎಂಬ ಊರಿನಿಂದ ನಾಲ್ಕು ಜನ ಕುದುರೆ ಹತ್ತಿ ಹೊರಟರು, ಹ್ಯೂಸ್ಟನ್‌ನ ಜಾನುವಾರು ಪ್ರದರ್ಶನಕ್ಕೆ ಒಂದಿಷ್ಟು ಪ್ರಚಾರ ಸಿಗಲಿ ಅಂತ. ಅದು ಸಾಲ್ಟ್ ಗ್ರಾಸ್ ತಂಡವಾಯಿತು. 1957ರಲ್ಲಿ ಕಪ್ಪು ಜನರ ಪ್ರೇರಿ ವ್ಯೂ ತಂಡ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬ ಮರ್ಟಿಸ್ ಡೈಟ್‌ಮನ್, ಅಮೆರಿಕದ ರಾಷ್ಟ್ರೀಯ ರೋಡಿಯೊ ಫೈನಲ್ಸ್‌ಗೆ ಹೋದ ಮೊದಲ ಕಪ್ಪು ಕೌಬಾಯ್. ಮೆಕ್ಸಿಕೊ ಗಡಿಯ ಹಿಡಾಲ್ಗೊದಿಂದ 386 ಮೈಲಿ ಸವಾರಿ ಮಾಡಿ ಬರುವ ಇನ್ನೊಂದು ತಂಡವಿದೆ. ಅವರಿಗೆ ವಾರಗಟ್ಟಲೆ ದಾರಿಯಲ್ಲೇ ಊಟ, ದಾರಿಯಲ್ಲೇ ನಿದ್ದೆ.

ಸಿನಿಮಾಗಳಲ್ಲಿ ಕೌಬಾಯ್ ಅಂದರೆ ಬಿಳಿಯನೇ ಅಲ್ವಾ? ಹಳೇ ಕಾಲದ ಕೌಬಾಯ್‌ಗಳಲ್ಲಿ ನಾಲ್ವರಲ್ಲಿ ಒಬ್ಬ ಕಪ್ಪು ಮನುಷ್ಯ ಇದ್ದಿರಬೇಕು ಅಂತ ಇತಿಹಾಸಕಾರರ ಅಂದಾಜು. ಆ ಕೆಲಸವನ್ನೇ ಮೊದಲು ಕಲಿಸಿದವರು ಮೆಕ್ಸಿಕೊ ಕಡೆಯ ದನಗಾರರು. ಪಾರ್ಕ್‌ನಲ್ಲಿ ಒಂದು ಗಂಟೆ ನಿಂತರೆ ಸಾಕು, ಇದನ್ನೆಲ್ಲ ಓದಿ ತಿಳಿಯಬೇಕಾಗಿಲ್ಲ.

ಕುದುರೆ ಕಾಣುವ ಮುಂಚೆ ವಾಸನೆ ಬಂತು. ಬೆವರು, ತೊಗಲು, ಲದ್ದಿ, ಒಣಹುಲ್ಲು. ಆಮೇಲೆ ಲಾಳದ ಸದ್ದು, ಅದರ ಹಿಂದೆ ಬಿಳಿ ಕ್ಯಾನ್ವಾಸ್ ಕಮಾನು ಹೊದಿಸಿದ ಬಂಡಿಗಳ ಸಾಲು. ಕೆಲವಕ್ಕೆ ಕುದುರೆ, ಕೆಲವಕ್ಕೆ ಹೇಸರಗತ್ತೆ. ಚಕ್ರಗಳಿಗೆ ರಬ್ಬರ್ ಟೈರು. ಮುಂದೆ ಪೊಲೀಸ್ ಗಾಡಿ, ಹಿಂದೆ ನೀರಿನ ಟ್ಯಾಂಕು, ಜನರೇಟರು, ಎಳೆದುಕೊಂಡು ಬರುವ ಶೌಚಾಲಯ. ನಮ್ಮ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಎತ್ತಿನ ಬಂಡಿ ಕಟ್ಟಿಕೊಂಡು ಬರುವವರು ನೆನಪಾದರು. ಜಾತ್ರೆಯೂ ಸರಿಸುಮಾರು ಇದೇ ಹೊತ್ತಿಗೆ, ಭರತ ಹುಣ್ಣಿಮೆಗೆ. ಬಂಡಿಯಿಂದ ಇಳಿದವರು ಮೊದಲು ಮಾಡುವ ಕೆಲಸವೂ ಒಂದೇ: ಪ್ರಾಣಿಯ ಕೊರಳು ಬಿಚ್ಚಿ ನೀರು ತೋರಿಸುವುದು. ತಮ್ಮ ಹಸಿವು ಆಮೇಲೆ.

ಒಬ್ಬ ಮುದುಕ ತನ್ನ ಕೆಂಪು ಕುದುರೆಯ ಜೀನು ಸಡಿಲಿಸುತ್ತಿದ್ದ. ನಾನು ಬೇಲಿಯ ಹತ್ತಿರ ನಿಂತು ನೋಡುತ್ತಲೇ ಇದ್ದೆ. "ಸವಾರಿ ಗೊತ್ತಾ?" ಅಂತ ಕೇಳಿದ. ನಡೆಯಲು ಕಲಿಯುವ ಮುಂಚೆ ನನ್ನನ್ನು ಕುದುರೆಗೆ ಕಟ್ಟಿ ಹಾಕುತ್ತಿದ್ದರು ಅಂದೆ. ಅವನು ಜೋರಾಗಿ ನಕ್ಕು, ಬಾ ಅಂತ ಕೈ ಮಾಡಿದ. ಕುದುರೆಯ ಮುಂದೆ ಅಂಗೈ ಚಾಚಿ ಮೂಸಲು ಬಿಟ್ಟೆ. ಆಮೇಲೆ ಕುತ್ತಿಗೆ ಕೂದಲ ಅಡಿ ಕೈ ಹಾಕಿದೆ. ಅಲ್ಲಿ ಯಾವಾಗಲೂ ಬೆಚ್ಚಗೆ, ಒದ್ದೆ ಒದ್ದೆ ಇರುತ್ತದೆ.

ಕಟ್ಟಿ ಹಾಕುತ್ತಿದ್ದದ್ದು ನಿಜ. ದೀಪಾವಳಿ ಮುಗಿಯುತ್ತಲೇ ನಮ್ಮ ಮಂದಿ ಕುರಿ ಹೊಡೆದುಕೊಂಡು ಚಿಕ್ಕೋಡಿ, ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆ ಹೋಗುತ್ತಿದ್ದರು. ಗಂಡಸರು ಕುರಿಯ ಹಿಂದೆ ಮೇವು ಹುಡುಕಿಕೊಂಡು ಹೋದರೆ, ಹೆಂಗಸರು ಬಿಡಾರ ಕಿತ್ತು, ಕುದುರೆ ಮೇಲೆ ಹೇರಿ, ಮುಂದಿನ ತಾಣಕ್ಕೆ ಮೊದಲೇ ಹೋಗಿ ಒಲೆ ಹೂಡಬೇಕು. ನಮ್ಮ ಕುದುರೆ ಕೆಂಚಿ. ಎತ್ತರ ಇಲ್ಲ, ಅಂದ ಇಲ್ಲ, ಹೊಟ್ಟೆ ದಪ್ಪ. ಅದರ ಬೆನ್ನ ಮೇಲೆ ಮೊದಲು ಕೌದಿ, ಅದರ ಮೇಲೆ ರಾತ್ರಿ ಕುರಿ ತಡೆಯುವ ಬಲೆ, ಗುಡಾರದ ಗಂಟು, ಜೋಳದ ಚೀಲ, ಬೋಗಾಣಿ, ಕೋಳಿ ಬುಟ್ಟಿ. ಎರಡೂ ಪಕ್ಕದ ಚೀಲದಲ್ಲಿ ಹಿಂದಿನ ರಾತ್ರಿ ಹುಟ್ಟಿದ ಕುರಿಮರಿಗಳು, ತಲೆ ಮಾತ್ರ ಹೊರಗೆ. ಇಷ್ಟೆಲ್ಲ ಆದ ಮೇಲೆ ತುದಿಯಲ್ಲಿ ನಾನು. ಅವ್ವ ಹಳೇ ಸೀರೆಯನ್ನು ನನ್ನ ನಡಕ್ಕೆ ಎರಡು ಸುತ್ತು ಸುತ್ತಿ ಹೇರಿನ ಹಗ್ಗಕ್ಕೆ ಬಿಗಿಯುತ್ತಿದ್ದಳು. ನಿದ್ದೆ ಬಂದರೆ ಅಲ್ಲೇ ನಿದ್ದೆ. ಜೀನು ಇಲ್ಲ, ರಿಕಾಪು ಇಲ್ಲ, ಲಗಾಮು ಅನ್ನುವುದೂ ಇರಲಿಲ್ಲ, ಒಂದು ಹಗ್ಗ ಅಷ್ಟೇ, ಅದೂ ಅವ್ವನ ಕೈಯಲ್ಲಿ.

ಮುದುಕನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. "ಕುದುರೆ ಬೆದರಿದರೆ?" ಅದು ಬೆದರುತ್ತಿರಲಿಲ್ಲ ಅಂದೆ. ಹಾಗಾದರೆ ಒಳ್ಳೆ ಕುದುರೆ ಅಂದ.

ಶನಿವಾರ

ಡೌನ್‌ಟೌನ್‌ನಲ್ಲಿ ಮೆರವಣಿಗೆ. ಬೇಗ ಹೋಗದಿದ್ದರೆ ಪಾರ್ಕಿಂಗ್ ಸಿಗಲ್ಲ ಅಂತ ಮಗಳು ಎಲ್ಲರನ್ನೂ ಕತ್ತಲಲ್ಲೇ ಎಬ್ಬಿಸಿದಳು. ಶಾಲೆಗಳ ಬ್ಯಾಂಡು, ಅಲಂಕಾರದ ಗಾಡಿಗಳು, ಕೈ ಬೀಸುವ ದೊಡ್ಡ ಮನುಷ್ಯರು. ಅದೆಲ್ಲ ದಸರೆಯಲ್ಲಿ ನೋಡಿಲ್ಲದ್ದೇನಲ್ಲ. ನಿನ್ನೆ ಪಾರ್ಕ್‌ನಲ್ಲಿದ್ದ ತಂಡಗಳೂ ಬಂದವು. ಆ ಗಾಜಿನ ಕಟ್ಟಡಗಳ ನಡುವೆ ಸಾವಿರಾರು ಲಾಳಗಳ ಸದ್ದು ಎರಡೂ ಕಡೆಯಿಂದ ಬಡಿದು ವಾಪಸ್ ಬರುತ್ತದೆ. ಅದನ್ನು ಕೇಳಲಿಕ್ಕಾದರೂ ಹೋಗಬೇಕು.

ನಮ್ಮ ಮುಂದೆಯೇ ಒಂದು ಎಳೇ ಕುದುರೆ ಡ್ರಮ್ಮಿನ ಸದ್ದಿಗೆ ಹೆದರಿತು. ಕಿವಿ ಹಿಂದಕ್ಕೆ ಹೋಯಿತು, ಕಣ್ಣಿನ ಬಿಳಿ ಕಂಡಿತು, ಹಿಂಗಾಲು ಅಡ್ಡಡ್ಡ ಇಡಲು ಶುರುಮಾಡಿತು. ಜನ ಹಿಂದೆ ಸರಿದರು. ಮೇಲಿದ್ದ ಹುಡುಗಿ ಚಾಟಿ ಎತ್ತಲಿಲ್ಲ, ಲಗಾಮು ಜಗ್ಗಲಿಲ್ಲ. ಪಕ್ಕದಲ್ಲಿ ಬರುತ್ತಿದ್ದ ಹೆಂಗಸು ತನ್ನ ಬೂದು ಬಣ್ಣದ ಮುದಿ ಕುದುರೆಯನ್ನು ತಂದು ಇದಕ್ಕೆ ತಾಗಿಸಿ ನಿಲ್ಲಿಸಿದಳು. ಭುಜಕ್ಕೆ ಭುಜ. ಮುದಿ ಕುದುರೆ ಸುಮ್ನೆ ನಿಂತಿತ್ತು, ಡ್ರಮ್ಮು ತನಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಎಳೆಯದರ ತಲೆ ಇಳಿಯಿತು, ಎರಡೂ ಒಟ್ಟಿಗೆ ಹೆಜ್ಜೆ ಹಾಕಿದವು. ಮೊಮ್ಮಗ ಮಿಠಾಯಿ ಹೆಕ್ಕುವುದರಲ್ಲಿ ಮುಳುಗಿದ್ದ, ಅಳಿಯ ಫೋನಿನಲ್ಲಿ ಬ್ಯಾಂಡು ಹಿಡಿಯುತ್ತಿದ್ದ. ಇಡೀ ಮೆರವಣಿಗೆಯಲ್ಲಿ ನನಗೆ ನೆನಪಿರುವುದು ಇದೊಂದೇ.

ಕೆಂಚಿಯೂ ಹಾಗೇ ಇತ್ತು. ಒಂದು ವರ್ಷ ಅಪ್ಪ ಇನ್ನೊಂದು ಗಂಡು ಕುದುರೆ ತಂದ. ಮೈಕಟ್ಟು ಚೆನ್ನಾಗಿತ್ತು, ನಮ್ಮ ಕಡೆಯ ಕುದುರೆ ಗಾಡಿ ಶರ್ಯತ್ತಿಗೆ ಹೂಡಬಹುದು ಅಂತ ಅವನ ಆಸೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಜಾತ್ರೆ ಅಂದರೆ ಶರ್ಯತ್ತು ಇರಲೇಬೇಕು. ಜೋಡು ಎತ್ತಿನದು, ಜೋಡು ಕುದುರೆಯದು, ಒಂದು ಎತ್ತು ಒಂದು ಕುದುರೆ ಕೂಡಿಸಿ ಓಡಿಸುವುದೂ ಉಂಟು. ಆ ಗಂಡು ಕುದುರೆಗೆ ವೇದಗಂಗಾ ಹೊಳೆ ದಾಟಿಸುವುದೇ ಆಗಲಿಲ್ಲ. ನೀರು ಕಂಡರೆ ಎರಡು ಕಾಲ ಮೇಲೆ ನಿಲ್ಲುತ್ತಿತ್ತು. ಕೆಂಚಿ ಮೂತಿ ಇಳಿಸಿ ನೀರು ಮೂಸಿ, ಒಂದು ಗೊರಸು ಇಟ್ಟು, ಕೆಳಗಿನ ಕಲ್ಲು ಅಲುಗುತ್ತದೋ ನೋಡಿ, ಆಮೇಲೆ ಇನ್ನೊಂದು ಇಡುತ್ತಿತ್ತು. ಮೇಲೆ ಕೋಳಿ, ಮರಿ, ನಾನು. ಅದು ಆಚೆ ದಡ ಮುಟ್ಟಿದ ಮೇಲೇ ಗಂಡು ಕುದುರೆ ಹಿಂದೆ ಬಂದದ್ದು. ಮುಂದಿನ ಜಾತ್ರೆಯಲ್ಲಿ ಅಪ್ಪ ಅದನ್ನು ಮಾರಿದ. ಬಂದ ದುಡ್ಡಿಗೆ ಕುರಿ ತಂದ.

ಭಾನುವಾರ

ಪೇರ್ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನ. ದರ್ಶನ ಆದ ಮೇಲೆ ಕ್ಯಾಂಟೀನ್‌ನಲ್ಲಿ ಅಳಿಯನ ಸ್ನೇಹಿತರು ನಾಲ್ಕೈದು ಮನೆಯವರು ಸೇರಿದರು, ಎಲ್ಲ ಕನ್ನಡದವರೇ. ರೋಡಿಯೊಗೆ ಹೋಗ್ತಿದೀವಿ ಅಂದ ಕೂಡಲೇ ಚರ್ಚೆ. "ಪ್ರಾಣಿಹಿಂಸೆ ಅಲ್ವಾ ಅಂಕಲ್ ಅದು?" ಅಂತ ಒಬ್ಬಳು ಹುಡುಗಿ ಕೇಳಿದಳು. ಇನ್ನೊಬ್ಬರು ಉಡುಪಿಯವರು, ಕಂಬಳದ ಕೇಸಿನ ಕಥೆ ತೆಗೆದರು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ನಿಲ್ಲಿಸಿದ ಮೇಲೆ ಕಂಬಳಕ್ಕೂ ಕುತ್ತು ಬಂದದ್ದು, ಕರ್ನಾಟಕ ಕಾನೂನು ತಿದ್ದಿದ್ದು, 2023ರ ಮೇ ತಿಂಗಳಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಿದ್ದು. ನಮ್ಮ ಬೆಳಗಾವಿ ಕಡೆಯ ಎತ್ತಿನ ಗಾಡಿ ಓಟ ಉಳಿದದ್ದೂ ಆ ತಿದ್ದುಪಡಿಯಿಂದಲೇ. ನೋಡದೆ ಏನು ಹೇಳಲಿ ಅಂತ ನಾನು ಇಡ್ಲಿ ತಿಂದೆ.

ಮಂಗಳವಾರ

ಸಂಜೆ ಮೆಟ್ರೊ ರೈಲು ಹತ್ತಿ ಎನ್‌ಆರ್‌ಜಿ ಸ್ಟೇಡಿಯಂಗೆ. ರೈಲಿನ ತುಂಬ ಟೋಪಿಗಳು. ಒಬ್ಬರ ಟೋಪಿ ಅಂಚು ಇನ್ನೊಬ್ಬರ ಕಣ್ಣಿಗೆ. ಈ ರೋಡಿಯೊ 1932ರಲ್ಲಿ ಕೊಬ್ಬಿದ ಜಾನುವಾರುಗಳ ಪ್ರದರ್ಶನವಾಗಿ ಶುರುವಾಗಿದ್ದು. 1966ರಿಂದ ಪಕ್ಕದ ಆಸ್ಟ್ರೊಡೋಮ್‌ನಲ್ಲಿ ನಡೆಯುತ್ತಿತ್ತು. ಆ ಗುಮ್ಮಟ ಈಗಲೂ ಅಲ್ಲೇ ಇದೆ, ಬಾಗಿಲು ಮುಚ್ಚಿ. ಈಗಿನ ಸ್ಟೇಡಿಯಂ ಅಮೆರಿಕನ್ ಫುಟ್‌ಬಾಲಿಗೂ ರೋಡಿಯೊಗೂ ಸೇರಿಸಿ ಕಟ್ಟಿದ್ದು, 70 ಸಾವಿರ ಜನ ಹಿಡಿಯುತ್ತದೆ. ರೋಡಿಯೊ ಬಂತೆಂದರೆ ಲಾರಿಗಳಲ್ಲಿ ಮಣ್ಣು ತಂದು ಹಾಸುತ್ತಾರೆ. ಸೂರಿನ ಕೆಳಗೆ, ಎ.ಸಿ.ಯಲ್ಲಿ, ಹೊಲದ ಮಣ್ಣು. ನಮ್ಮ ಸೀಟು ಎಷ್ಟು ಮೇಲಿತ್ತೆಂದರೆ ಕುದುರೆಗಿಂತ ಪರದೆಯಲ್ಲಿ ಕಾಣುವ ಕುದುರೆ ದೊಡ್ಡದಿತ್ತು. ಅಳಿಯ ದುರ್ಬೀನು ತಂದಿದ್ದ, ಬುದ್ಧಿವಂತ.

ಮೊದಲು ಜೀನಿಲ್ಲದ ಸವಾರಿ. ಬೆನ್ನಿಗೆ ಬಿಗಿದ ಪಟ್ಟಿಯ ಹಿಡಿಕೆಯನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈ ಗಾಳಿಯಲ್ಲಿ, ಕುದುರೆಗೆ ತಾಗಿದರೆ ಔಟ್. ಬಾಗಿಲು ತೆರೆದು ಕುದುರೆ ಮೊದಲ ಸಲ ನೆಗೆದು ಮುಂಗಾಲು ನೆಲ ಮುಟ್ಟುವಾಗ ಸವಾರನ ಹಿಮ್ಮಡಿ ಕುದುರೆಯ ಭುಜದ ಮೇಲುಗಡೆ ಇರಬೇಕು. ಇಲ್ಲದಿದ್ದರೆ ಎಷ್ಟು ಹೊತ್ತು ಕೂತರೂ ಅಂಕ ಇಲ್ಲ. ಕೂರಬೇಕಾದ್ದು 8 ಸೆಕೆಂಡು. ಅಂಕ ನೂರಕ್ಕೆ. ಅದರಲ್ಲಿ ಅರ್ಧ ಸವಾರನಿಗೆ, ಅರ್ಧ ಕುದುರೆಗೆ. ಹಾಗಾಗಿ ಕುದುರೆ ಚೆನ್ನಾಗಿ ಒದೆಯಲಿ ಅಂತ ಸವಾರನೇ ಬೇಡಿಕೊಳ್ಳುತ್ತಾನೆ. ಸಾಧು ಕುದುರೆ ಸಿಕ್ಕರೆ ಅವನ ಗ್ರಹಚಾರ.

ಈ ಕುದುರೆಗಳಿಗೆ ಹೊಟ್ಟೆಯ ಹಿಂಭಾಗಕ್ಕೆ ಒಂದು ಪಟ್ಟಿ ಕಟ್ಟುತ್ತಾರೆ. ಭಾನುವಾರ ಹುಡುಗಿ ಕೇಳಿದ್ದು ಇದರ ಬಗ್ಗೆಯೇ. ಒಳಗೆ ಕುರಿಯ ತುಪ್ಪಳವೋ ರಬ್ಬರೋ ಮೆತ್ತೆ ಇರುತ್ತದೆ. ಪಟ್ಟಿ ಕಿರಿಕಿರಿ ಮಾಡುತ್ತದೆ, ಅದನ್ನು ಉದುರಿಸಲು ಕುದುರೆ ಹಿಂಗಾಲು ಎಸೆಯುತ್ತದೆ. ಒದೆಯುವುದಕ್ಕೆಂದೇ ತಳಿ ಮಾಡಿ ಸಾಕುವವರಿದ್ದಾರೆ, ತಂದೆ ತಾಯಿಯ ವಂಶಾವಳಿ ನೋಡಿ. ಅವುಗಳ ಮೈ ನೋಡಿದೆ ದುರ್ಬೀನಿನಲ್ಲಿ. ಮಿರಿ ಮಿರಿ ಮಿಂಚುತ್ತಿದ್ದವು, ಗಾಯದ ಗುರುತು ಕಾಣಲಿಲ್ಲ. ಎಂಟು ಸೆಕೆಂಡು ಒದೆದು, ಪಟ್ಟಿ ಬಿಚ್ಚಿದ ಕೂಡಲೇ ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದು ತಾವೇ ಒಳಗೆ ಹೋದವು. ನನಗೆ ಇದರಲ್ಲಿ ಅಂಥ ಸಂಕಟ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಂದು ಥರದ ಖುಷಿಯೇ ಆಯಿತು: ಬೆನ್ನ ಮೇಲೆ ಯಾರೂ ಬೇಡ ಅಂತ ಇಷ್ಟು ಸ್ಪಷ್ಟವಾಗಿ ಹೇಳುವ ಹಕ್ಕು ಕೆಂಚಿಗೆ ಎಲ್ಲಿತ್ತು?

ಆದರೆ ನನ್ನ ಕಣ್ಣು ಒದೆಯುವ ಕುದುರೆಯಿಂದ ಬೇಗನೇ ಆಚೆ ಹೋಯಿತು. ಅಂಗಳದಲ್ಲಿ ಇನ್ನಿಬ್ಬರು ಸವಾರರು ಪೂರ್ತಿ ಹೊತ್ತು ಇರುತ್ತಾರೆ. ಅವರನ್ನು ಪಿಕಪ್ ಮೆನ್ ಅನ್ನುತ್ತಾರೆ. ಎಂಟು ಸೆಕೆಂಡಿನ ಹಾರ್ನ್ ಆದ ತಕ್ಷಣ ಒಬ್ಬ ತನ್ನ ಕುದುರೆಯನ್ನು ಒದೆಯುತ್ತಿರುವ ಕುದುರೆಯ ಪಕ್ಕಕ್ಕೇ ಓಡಿಸುತ್ತಾನೆ. ಸವಾರ ಅವನ ಸೊಂಟ ಹಿಡಿದು, ಅವನ ಕುದುರೆಯ ಬೆನ್ನಿನ ಮೇಲಿಂದ ಜಾರಿ ಆಚೆ ಬದಿಗೆ ನೆಲಕ್ಕೆ ಇಳಿಯುತ್ತಾನೆ. ಇನ್ನೊಬ್ಬ ಪಕ್ಕದಿಂದ ಬಗ್ಗಿ ಹೊಟ್ಟೆಯ ಪಟ್ಟಿಯ ಕೊಂಡಿ ಬಿಡಿಸುತ್ತಾನೆ. ಒಂದು ಅರೆ ಟನ್ ತೂಕದ ಪ್ರಾಣಿ ಮುಖದ ಪಕ್ಕದಲ್ಲೇ ಗೊರಸು ಬೀಸುತ್ತಿದ್ದರೂ ಪಿಕಪ್ ಕುದುರೆ ದಾರಿ ಬಿಡುವುದಿಲ್ಲ, ಕಿವಿ ಮಾತ್ರ ಆ ಕಡೆ ತಿರುಗಿಸುತ್ತದೆ. ಅದಕ್ಕೆ ಅಂಕ ಇಲ್ಲ. ಅದರ ಹೆಸರನ್ನು ಮೈಕಿನಲ್ಲಿ ಹೇಳಿದ್ದೂ ಕೇಳಲಿಲ್ಲ. ಮೊದಲ ಸಲ ನೋಡಿದಾಗ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಹಿಂದಿನವರು ಕೂರಲು ಹೇಳಿದರು.

ಆಮೇಲೆ ಕರುವಿಗೆ ಹಗ್ಗ ಎಸೆಯುವ ಆಟ, ಟೈ-ಡೌನ್ ರೋಪಿಂಗ್. ಇಡೀ ರಾತ್ರಿಯಲ್ಲಿ ಅತ್ಯಂತ ಒಳ್ಳೆಯ ಕುದುರೆ ನೋಡಿದ್ದು ಇದರಲ್ಲಿ, ನನಗೆ ಅತ್ಯಂತ ಬೇಡವಾದ ಆಟವೂ ಇದೇ. ಕರು ಓಡುತ್ತದೆ, ಸವಾರ ಬಾಯಲ್ಲಿ ಸಣ್ಣ ಹಗ್ಗ ಕಚ್ಚಿಕೊಂಡು ಹಿಂದೆ ಓಡಿಸುತ್ತಾನೆ, ಕುಣಿಕೆ ಕರುವಿನ ಕೊರಳಿಗೆ ಬಿದ್ದ ಕ್ಷಣ ಕುದುರೆ ನಿಂತುಬಿಡುತ್ತದೆ. ನಿಲ್ಲು ಅಂತ ಯಾರೂ ಎಳೆಯುವುದಿಲ್ಲ. ಸವಾರ ಆಗಲೇ ಕೆಳಗೆ ಹಾರಿ ಓಡುತ್ತಿರುತ್ತಾನೆ. ಹಗ್ಗದ ಒಂದು ತುದಿ ಜೀನಿಗೆ, ಇನ್ನೊಂದು ಕರುವಿಗೆ. ಅವನು ಕರುವನ್ನು ಮಗ್ಗುಲಿಗೆ ಕೆಡವಿ ಮೂರು ಕಾಲು ಕೂಡಿಸಿ ಕಟ್ಟುವವರೆಗೆ ಕುದುರೆ ಒಂಟಿಯಾಗಿ, ಮೇಲೆ ಯಾರೂ ಇಲ್ಲದೆ, ಹಗ್ಗದ ಬಿಗಿ ನೋಡಿಕೊಳ್ಳುತ್ತದೆ. ಹಗ್ಗ ಸಡಿಲವಾದರೆ ಒಂದು ಹೆಜ್ಜೆ ಹಿಂದೆ. ಸಾಕು ಅನ್ನಿಸಿದರೆ ನಿಲ್ಲುತ್ತದೆ. ಕಣ್ಣು ಸವಾರನ ಕೈ ಮೇಲೆ. ಅವನು ಕೈ ಎತ್ತಿ, ವಾಪಸ್ ಬಂದು ಕುದುರೆ ಹತ್ತಿ, ಹಗ್ಗ ಸಡಿಲಿಸಿದ ಮೇಲೆ ಆರು ಸೆಕೆಂಡು ಕರು ಬಿಡಿಸಿಕೊಳ್ಳದಿದ್ದರೆ ಲೆಕ್ಕ.

ಕೆಂಚಿಗೆ ಯಾರೂ ಕಲಿಸಿದ್ದಲ್ಲ, ಆದರೂ ಹಗ್ಗದ ಲೆಕ್ಕ ಅದಕ್ಕೂ ಗೊತ್ತಿತ್ತು. ಹೇರು ಒಂದು ಕಡೆ ಜಾರಿದರೆ ನಿಂತುಬಿಡುತ್ತಿತ್ತು. ಅವ್ವ ತಿರುಗಿ ನೋಡುವವರೆಗೆ ಕದಲುತ್ತಿರಲಿಲ್ಲ. "ಯಾಕ ನಿಂತೀ?" ಅಂತ ಬೈದುಕೊಂಡೇ ಬಂದವಳು ನೋಡಿದರೆ ನಾನು ಸೀರೆ ಸಮೇತ ಓರೆಯಾಗಿ ಜೋತಾಡುತ್ತಿರುವುದು, ನಿದ್ದೆಯಲ್ಲೇ.

ಕರು ಮಾತ್ರ ನೋಡಲಾಗಲಿಲ್ಲ. ಪೂರ್ತಿ ಓಟದಲ್ಲಿರುವ ಎಳೇ ಪ್ರಾಣಿಯನ್ನು ಕೊರಳಿನಿಂದ ತಡೆದರೆ ಅದು ಹಿಂದಕ್ಕೆ ಹೊರಳುತ್ತದೆ. ಕುರಿಗಾರರ ಮನೆಯಲ್ಲಿ ಮರಿ ಹಿಡಿಯಬೇಕಾದರೆ ಹಿಂಗಾಲಿಗೆ ಕೈ ಹಾಕು, ಕೊರಳಿಗೆ ಹಾಕಬೇಡ ಅಂತ ಮೊದಲ ದಿನವೇ ಹೇಳುತ್ತಾರೆ. ಬಯಲಿನಲ್ಲಿ ಕರುವಿಗೆ ಔಷಧಿ ಹಾಕಬೇಕು, ಮುದ್ರೆ ಒತ್ತಬೇಕು, ಆಗ ಹಗ್ಗ ಎಸೆಯದೆ ಬೇರೆ ದಾರಿ ಇರಲಿಲ್ಲ, ಅದು ಅರ್ಥವಾಗುತ್ತದೆ. ಇಲ್ಲಿ ಔಷಧಿ ಇಲ್ಲವಲ್ಲ. ಹೆಂಗಸರ ಬ್ರೇಕ್‌ಅವೇ ರೋಪಿಂಗ್ ಅಂತ ಇನ್ನೊಂದಿದೆ. ಅದರಲ್ಲಿ ಕುಣಿಕೆ ಬಿದ್ದ ಕೂಡಲೇ ಜೀನಿನ ಹತ್ತಿರದ ಸಣ್ಣ ದಾರ ಹರಿದುಹೋಗುತ್ತದೆ, ಕರು ಹಗ್ಗದ ಸಮೇತ ಓಡಿಹೋಗುತ್ತದೆ. ಕೈಚಳಕ ಅಷ್ಟೇ ಬೇಕು, ನೋವು ಬೇಕಾಗಿಲ್ಲ. ಗಂಡಸರೂ ಅದನ್ನೇ ಆಡಬಹುದಲ್ಲ ಅಂದೆ. "ಇದನ್ನ ಟೆಕ್ಸಸ್‌ನಲ್ಲಿ ಜೋರಾಗಿ ಹೇಳಬೇಡಿ ಮಾವ" ಅಂದ ಅಳಿಯ.

ಬ್ಯಾರೆಲ್ ರೇಸ್ ಬಂದಾಗ ಮಗಳು ಕುರ್ಚಿಯ ತುದಿಗೆ ಬಂದಳು. ಮೂರು ಪೀಪಾಯಿ ಡ್ರಮ್ಮು, ಕುದುರೆ ಮೇಲೆ ಅವುಗಳ ಸುತ್ತ ತಿರುಗಿ ಬಾಗಿಲಿಗೆ ವಾಪಸ್. ಡ್ರಮ್ಮು ಉರುಳಿದರೆ 5 ಸೆಕೆಂಡು ದಂಡ, ಅಂದರೆ ಕಥೆ ಮುಗಿಯಿತು. ತಿರುವಿನಲ್ಲಿ ಕುದುರೆ ಎಷ್ಟು ವಾಲುತ್ತದೆಂದರೆ ಸವಾರಳ ಬೂಟು ಮಣ್ಣಿಗೆ ತಾಗುತ್ತದೇನೋ ಅನ್ನಿಸುತ್ತದೆ. ಈ ಆಟದ ದೊಡ್ಡ ಹೆಸರು ಶಾರ್ಮೇನ್ ಜೇಮ್ಸ್, 1984ರಿಂದ 1993ರವರೆಗೆ ಸತತ ಹತ್ತು ವರ್ಷ ವಿಶ್ವ ಚಾಂಪಿಯನ್. ಅವಳ ಕುದುರೆ ಸ್ಕ್ಯಾಂಪರ್. 1985ರ ಫೈನಲ್ಸ್‌ನಲ್ಲಿ ಓಟ ಶುರುವಾಗುವಾಗಲೇ ಅದರ ಮುಖಕ್ಕೆ ಹಾಕಿದ ಲಗಾಮಿನ ಪಟ್ಟಿ ಕಳಚಿಕೊಂಡಿತು. ಹಿಡಿತವೇ ಇಲ್ಲ. ಸ್ಕ್ಯಾಂಪರ್ ಮೂರೂ ಡ್ರಮ್ಮು ಸುತ್ತಿ ಬಂತು, ಆ ಸುತ್ತನ್ನು ಗೆದ್ದೂ ಬಿಟ್ಟಿತು. ಲಗಾಮು ಇಲ್ಲದ ಕುದುರೆ ಅಂದರೆ ಇಲ್ಲಿಯವರಿಗೆ ಪವಾಡ. ನಾನು ಸುಮ್ನೆ ನಕ್ಕೆ.

ಗೂಳಿ ಸವಾರಿಗೆ ಸ್ಟೇಡಿಯಂ ಪೂರ್ತಿ ಎದ್ದು ನಿಂತಿತು. ಬಿದ್ದವನ ಮೇಲೆ ಗೂಳಿ ತಿರುಗಿ ಬರುತ್ತದೆ, ಕುದುರೆ ಹಾಗೆ ಮಾಡುವುದಿಲ್ಲ. ಅದನ್ನು ಬೇರೆ ಕಡೆ ಸೆಳೆಯಲು ಮೂವರು ಕಾಲ ಮೇಲೇ ಓಡಾಡುತ್ತಿರುತ್ತಾರೆ. 1989ರಲ್ಲಿ ಶೈಯೆನ್ ಊರಿನ ರೋಡಿಯೊದಲ್ಲಿ ಲೇನ್ ಫ್ರಾಸ್ಟ್ ಎಂಬ ಚಾಂಪಿಯನ್, 25 ವರ್ಷದ ಹುಡುಗ, 8 ಸೆಕೆಂಡು ಪೂರೈಸಿ ಇಳಿದ ಮೇಲೆ ಗೂಳಿ ಗುದ್ದಿ ಸತ್ತ. ಈಗ ಎಲ್ಲರೂ ಎದೆಗೆ ದಪ್ಪ ಕವಚ ಹಾಕುವುದು ಅದರ ನಂತರ ಬಂದ ರೂಢಿ. ಕೊನೆಗೆ ತಿರುಗುವ ವೇದಿಕೆ ಮೇಲೆ ಸಂಗೀತ. ಮೊಮ್ಮಗ ಮಲಗಿಬಿಟ್ಟಿದ್ದ, ನಾವು ಮನೆಗೆ ಹೊರಟೆವು.

ನಂತರದ ಗುರುವಾರ

ಮೊಮ್ಮಗನ ಶಾಲೆಗೆ ಸ್ಪ್ರಿಂಗ್ ಬ್ರೇಕ್. ಮತ್ತೆ ಅದೇ ಜಾಗ, ಈ ಸಲ ಹಗಲು, ಜಾನುವಾರು ಪ್ರದರ್ಶನದ ಹಾಲ್. ಕುರಿ ವಿಭಾಗಕ್ಕೆ ಹೋಗಿ ನಾನು ನಿಂತಲ್ಲೇ ನಿಂತೆ. ಕುರಿಗಳು ಬಟ್ಟೆ ಹಾಕಿಕೊಂಡಿದ್ದವು! ಮೈಗೆ ಅಂಟುವ ಬಣ್ಣ ಬಣ್ಣದ ಸ್ಪ್ಯಾಂಡೆಕ್ಸ್ ಚೀಲ, ಕತ್ತಿನಿಂದ ಬಾಲದವರೆಗೆ. ಉಣ್ಣೆಯನ್ನು ಚರ್ಮದವರೆಗೂ ಬೋಳಿಸಿ, ಸ್ನಾನ ಮಾಡಿಸಿ, ಕೊಳೆಯಾಗದಿರಲಿ ಅಂತ ತೊಡಿಸಿದ್ದು. ಹೈಸ್ಕೂಲು ಮಕ್ಕಳು ತಾವೇ ಸಾಕಿದ ಕುರಿಯನ್ನು ತಂದು, ಅದರ ಎದೆಗೆ ತಮ್ಮ ಮೊಣಕಾಲು ಒತ್ತಿ ನಿಲ್ಲಿಸುತ್ತಾರೆ. ತೀರ್ಪುಗಾರ ಬಂದು ಬೆನ್ನು, ಸೊಂಟ, ತೊಡೆ ಒತ್ತಿ ನೋಡುತ್ತಾನೆ. ಆ ಕೈ ಆಡುವ ರೀತಿ ನನಗೆ ಗೊತ್ತು. ಸಂತೆಯಲ್ಲಿ ಅಪ್ಪ ಟಗರಿನ ಬೆನ್ನೆಲುಬಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದದ್ದು ಹೀಗೇ. ಇಲ್ಲಿ ಹರಾಜಿನಲ್ಲಿ ಮೊದಲ ಬಹುಮಾನದ ಹೋರಿ 10 ಲಕ್ಷ ಡಾಲರ್‌ಗೆ ಹೋದದ್ದುಂಟು. ಅದು ಮಾಂಸದ ಬೆಲೆಯಲ್ಲ ಬಿಡಿ, ಸಾಕಿದ ಮಕ್ಕಳ ಓದಿಗೆ ಮತ್ತು ಈ ಸಂಸ್ಥೆಯ ವಿದ್ಯಾರ್ಥಿವೇತನಕ್ಕೆ ಸಿರಿವಂತರು ಕೊಡುವ ದುಡ್ಡು.

ಮಧ್ಯಾಹ್ನ ಮಟನ್ ಬಸ್ಟಿಂಗ್. ಮಗಳು ನನಗೆ ಹೇಳದೆ ಮೊಮ್ಮಗನ ಹೆಸರು ಬರೆಸಿದ್ದಳು. ಐದು, ಆರು ವರ್ಷದ ಮಕ್ಕಳು, ತೂಕ 55 ಪೌಂಡ್ ಒಳಗೆ, ಅಂದರೆ 25 ಕೆ.ಜಿ. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ಟು, ಎದೆಗೆ ಕವಚ. ಕುರಿಯ ಮೇಲೆ ಬೋರಲಾಗಿ ಮಲಗಿ ಉಣ್ಣೆ ಹಿಡಿದುಕೊಳ್ಳಬೇಕು. ಬಾಗಿಲು ತೆರೆದರೆ ಕುರಿ ಆ ತುದಿಯಲ್ಲಿರುವ ತನ್ನ ಹಿಂಡಿನ ಕಡೆ ಓಡುತ್ತದೆ. ಅಷ್ಟೇ ಆಟ.

"ಕುರಿ ಮೇಲೆ ಕೂರೋದಾ?" ಅಂದೆ. ನನ್ನ ಜೀವದಲ್ಲಿ ಒಂದು ಸಲ ಕೂತಿದ್ದೆ, ಮೊಮ್ಮಗನಷ್ಟೇ ವಯಸ್ಸಿನಲ್ಲಿ, ಗಬ್ಬದ ಕುರಿಯ ಮೇಲೆ. ಅಪ್ಪ ಕೋಲಿನಿಂದ ಹೊಡೆದ ಬರೆ ವಾರ ಇತ್ತು. ಕುದುರೆ ಹತ್ತು, ಎಮ್ಮೆ ಹತ್ತು, ಕುರಿ ಮಾತ್ರ ಹತ್ತಬೇಡ, ಅದರ ಬೆನ್ನಿನ ಮೇಲೆ ಮನೆ ನಿಂತಿದೆ ಅಂತ ಅವನ ವಾದ. "ಅಪ್ಪಾ, ಇವು ದೊಡ್ಡ ಕುರಿ, ಗಬ್ಬ ಇಲ್ಲ, ನಾನು ಕೇಳೀನಿ" ಅಂದಳು ಮಗಳು. ನನ್ನ ಮಗಳಲ್ಲವೇ, ಕೇಳಬೇಕಾದ್ದನ್ನು ಕೇಳಿದ್ದಾಳೆ.

ನಮ್ಮವನಿಗಿಂತ ಮುಂಚೆ ಹೋದವರಲ್ಲಿ ಒಬ್ಬಳು ಪುಟ್ಟ ಹುಡುಗಿ ಕೊನೆಯವರೆಗೂ ಅಂಟಿಕೊಂಡೇ ಹೋದಳು, ಕುರಿ ನಿಂತರೂ ಬಿಡಲಿಲ್ಲ, ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಇನ್ನೊಬ್ಬ ಬಾಗಿಲಿನಲ್ಲೇ ಅತ್ತ. ನಮ್ಮವನ ಸರದಿ ಬಂತು. ಮೈಕಿನವನು ಹೆಸರನ್ನು ಹೇಗೋ ಒಂದು ರೀತಿ ಉಚ್ಚರಿಸಿದ. ಬಾಗಿಲು ತೆರೆಯಿತು. ಕುರಿ ನಾಲ್ಕು ಹೆಜ್ಜೆ ನೆಟ್ಟಗೆ ಓಡಿ, ಎಡಕ್ಕೆ ತಿರುಗಿತು. ಹುಡುಗ ಬಲಕ್ಕೆ ಜಾರಿದ. ಒಂದು ಕೈಯಲ್ಲಿ ಉಣ್ಣೆ ಹಿಡಿದುಕೊಂಡೇ ಕುರಿಯ ಪಕ್ಕದಲ್ಲಿ ಜೋತಾಡಿ, ಸ್ವಲ್ಪ ದೂರ ಹೋಗಿ, ಮಣ್ಣಿಗೆ ಬಿದ್ದ. ಎದ್ದ. ಅಳು ಬರುವಂತಿತ್ತು ಮುಖ. ಅಷ್ಟರಲ್ಲಿ ಜನ ಚಪ್ಪಾಳೆ ಹೊಡೆದರು, ಅಳು ವಾಪಸ್ ಹೋಯಿತು. ಅಂಕ ಎಂಬತ್ತರ ಮೇಲೆ ಕೊಟ್ಟರು. ಇಲ್ಲಿ ಎಲ್ಲ ಮಕ್ಕಳಿಗೂ ಅಷ್ಟೇ ಕೊಡುತ್ತಾರೆ, ಪುಣ್ಯಾತ್ಮರು.

ಜೋತಾಡಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಈ ಕುರಿ ಮಾತ್ರ ಕೆಂಚಿಯ ಹಾಗೆ ನಿಲ್ಲಲಿಲ್ಲ.

ರಾತ್ರಿ ಊಟ ಆದ ಮೇಲೆ ಅಣ್ಣನಿಗೆ ವಿಡಿಯೊ ಕಳಿಸಿ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಆರೂವರೆ, ಅವನು ಕುರಿ ಬಿಡುವ ಹೊತ್ತು. ನಾನು ಹಾಸ್ಟೆಲ್ಲಿಗೆ ಸೇರಿ ಓದಿದೆ, ಅವನು ಕುರಿ ಕಾಯುವುದನ್ನು ಬಿಡಲಿಲ್ಲ. ಈಗ ಕುದುರೆ ಇಲ್ಲ, ಸಾಮಾನು ಸಾಗಿಸಲು ಟಾಟಾ ಏಸ್ ಇದೆ. ವಿಡಿಯೊ ನೋಡಿ ಹುಡುಗನ ಬಗ್ಗೆ ಏನಾದರೂ ಹೇಳುತ್ತಾನೆ ಅಂತ ಕಾದೆ.

"ತಮ್ಮಾ, ಅದರ ಬಾಲ ಎಲ್ಲಿ?"

ಇಲ್ಲಿ ಮರಿ ಇದ್ದಾಗಲೇ ಬಾಲ ಕತ್ತರಿಸುತ್ತಾರೆ, ಹೊಲಸು ಅಂಟಿ ಹುಳ ಆಗಬಾರದು ಅಂತ, ಅಂದೆ.

"ಹೌದೇನು. ಮೈ ಮಾತ್ರ ಭಾರಿ ಐತಿ. ಎಷ್ಟ ತೂಗತೈತಿ?"

ಎಂಬತ್ತು ಕೆ.ಜಿ. ಇರಬಹುದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೆಕ್ಕ ಹಾಕುತ್ತಿದ್ದ.

"ಹುಡುಗ ಬಿದ್ದ, ಅದನ್ನ ನೋಡಿದ್ಯಾ?" ಅಂದೆ.

"ನೋಡಿದೆ ನೋಡಿದೆ. ಉಣ್ಣಿ ಹಿಡದಾನ, ಅದಕ್ಕ ಜಾರ್ಯಾನ. ಕೊಳ್ಳ ಸುತ್ತ ಎರಡೂ ಕೈ ಹಾಕು ಅಂತ ಹೇಳು." ಮತ್ತೆ ತಡೆದು ಕೇಳಿದ, "ಅದರ ಒಂದ ಟಗರಮರಿ ಇಲ್ಲಿಗೆ ತರಾಕ ಆಗತೈತೇನು? ವಿಮಾನದಾಗ ಬಿಡತಾರೇನು, ಅಳಿಯಂದಿರನ್ನ ಕೇಳಿ ನೋಡು."